ತಾಂಜಾನಿಯಾದ ಮುಯ್ಯಾಳು

ಹೇಳಿ ನೋಡೋಣ, ಗುರುತಿಲ್ಲದವರ ಹೊಲದಲ್ಲಿ ಸಂಬಳವಿಲ್ಲದೆ ಕಳೆ ತೆಗೆಯಲು ವಿಮಾನ ಹತ್ತಿ ಹೋಗುವ ಹುಡುಗಿಯನ್ನು ನೀವು ಜಾಣೆ ಅನ್ನುತ್ತೀರೋ, ತಲೆಕೆಟ್ಟವಳು ಅನ್ನುತ್ತೀರೋ? ಅವಸರ ಮಾಡಬೇಡಿ. ನಾನು ಇದನ್ನೆಲ್ಲ ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದೇನೆ, ಯೋಚಿಸಲು ನಿಮಗೆ ಬೇಕಾದಷ್ಟು ಸಮಯವಿದೆ. ಈ ಫೋನು ನಾನು ಅರ್ಧ ಪದ ಒತ್ತುವಷ್ಟರಲ್ಲಿ ಉಳಿದರ್ಧವನ್ನು ತಾನೇ ಊಹಿಸಿ ಮುಂದಿಡುತ್ತದೆ. ನಮ್ಮ ಯಜಮಾನರೂ ಹೀಗೇ ಇದ್ದರು, ನಾನು ಬಾಯಿ ತೆರೆಯುವ ಮೊದಲೇ ನನ್ನ ಮಾತು ಮುಗಿಸುತ್ತಿದ್ದರು. ಫೋನು ಹೇಳಿದ್ದನ್ನಾದರೆ ಒರೆಸಿಹಾಕಬಹುದು.

ನನ್ನ ಲೋಕಕ್ಕೆ ಮೊದಲು ನಾಲ್ಕು ಮೂಲೆಗಳಿದ್ದವು. ಹುಟ್ಟಿದ್ದು ಹಿರೇಕೆರೂರಿನ ಕಡೆ, ಮದುವೆಯಾಗಿ ಬಂದದ್ದು ಶಿಗ್ಗಾವಿ ತಾಲೂಕಿನ ದುಂಡಸಿಗೆ. ತಂಗಿಯನ್ನು ಸವಣೂರಿಗೆ ಕೊಟ್ಟರು. ಮಗಳನ್ನು ನಾನು ಹಾನಗಲ್ ತಾಲೂಕಿನ ಆಡೂರಿಗೆ ಕೊಟ್ಟೆ. ಬಸುರಿಯ ಕುಬುಸ, ಮದುವೆ, ಸತ್ತವರ ಮಣ್ಣು, ಎಲ್ಲವೂ ಈ ನಾಲ್ಕು ತಾಲೂಕುಗಳ ಒಳಗೇ ನಡೆಯುತ್ತಿದ್ದವು. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆಗೆ ಬರಬಹುದಾದಷ್ಟು ದೊಡ್ಡದು ನನ್ನ ಲೋಕ. ಅದಕ್ಕಿಂತ ದೊಡ್ಡದು ಬೇಕೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ನನ್ನನ್ನು ಆಯಿ ಎಂದು ಕರೆಯುವ ಮೊಮ್ಮಗಳು, ಮಗನ ಮಗಳು, ಅದೇ ನಾಲ್ಕು ಮೂಲೆಗಳಲ್ಲಿ ಬೆಳೆದಳು. ಕೃಷಿ ಪದವಿ ಓದಿದಳು. ಓದು ಮುಗಿದ ಮೇಲೆ ಶಿಗ್ಗಾವಿಯ ಒಂದು ಬೀಜ ಗೊಬ್ಬರದ ಅಂಗಡಿಯಲ್ಲಿ ಕುಳಿತು ಬಿಲ್ಲು ಹರಿದು ಕೊಡುತ್ತಿದ್ದಳು. ಸಂಜೆ ಮನೆಗೆ ಬಂದರೆ ಮೈಯಿಂದ ಕೀಟನಾಶಕದ ವಾಸನೆ, ಮುಖದಲ್ಲಿ ಬಾಯಾರಿದ ಗಿಡದ ಕಳೆ. ಅವಳಿಗೆ ಬೇಕಾಗಿದ್ದ ಕೆಲಸ ಒಂದೇ. ಹಾನಗಲ್ಲಿನಲ್ಲಿ ರೈತರೇ ಕೂಡಿ ಮಾಡಿಕೊಂಡ ಒಂದು ಕಂಪನಿ ಇದೆ, ಮಾವಿನಹಣ್ಣಿನ ರಸ, ಒಣಮೆಣಸಿನಕಾಯಿ ಎಂದು ಹೊರದೇಶಗಳಿಗೆ ಮಾಲು ಕಳಿಸುತ್ತಾರೆ. ಅಲ್ಲಿ ಹಳ್ಳಿಹಳ್ಳಿಯ ಹೆಣ್ಣುಮಕ್ಕಳ ಸಂಘಗಳನ್ನು ನೋಡಿಕೊಳ್ಳುವವರು ಬೇಕಾಗಿದ್ದರು. ಹೊಲವೂ ಇರುತ್ತದೆ, ಓಡಾಟವೂ ಇರುತ್ತದೆ. ಇವಳು ಸಂದರ್ಶನಕ್ಕೆ ಹೋದಳು.

ಅಲ್ಲಿಯ ಮೇಡಮ್ಮು ಬೆಳೆಯ ಬಗ್ಗೆ ಕೇಳಿದ್ದಕ್ಕೆಲ್ಲ ಇವಳು ಪಟಪಟನೆ ಉತ್ತರ ಕೊಟ್ಟಳಂತೆ. ಆಮೇಲೆ, ನಿಮ್ಮ ಸೀಮೆ ಬಿಟ್ಟು ಹೊರಗೆ ಏನು ನೋಡಿದ್ದೀರಿ ಎಂದು ಕೇಳಿದರಂತೆ. ಇವಳು ಸ್ವಲ್ಪ ಯೋಚಿಸಿ, ಆಡೂರಿನ ಅತ್ತೆ ಮನೆ ಎಂದಳಂತೆ. ಮೇಡಮ್ಮು ನಗಲಿಲ್ಲ. ಅವರು ಆಡಿದ ಮಾತನ್ನು ಮೊಮ್ಮಗಳು ಮನೆಗೆ ಬಂದು ಒಂದಕ್ಷರ ಬಿಡದೆ ಹೇಳಿದಳು.

“ಬೆಳಿ ನಿಮಗ ಚಲೋ ಗೊತ್ತೈತ್ರಿ. ಆದ್ರ ಗುರುತಿಲ್ಲದ ಮಂದಿ ಜೋಡಿ ಬದುಕಿ ಗೊತ್ತಿಲ್ಲ. ನಮ್ಮ ಮಾಲು ತೊಗೊಳ್ಳಾವ್ರೆಲ್ಲಾ ಗುರುತಿಲ್ಲದ ಮಂದೀನ.”

ಅದನ್ನು ಹೇಳಿ ಮೊಮ್ಮಗಳು ರೊಟ್ಟಿಯ ಬುಟ್ಟಿಯ ಮುಂದೆ ಕುಳಿತಳು. ತಿನ್ನಲಿಲ್ಲ. ಆ ಮೇಡಮ್ಮಿನ ಮೇಲೆ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವರ ಮಾತು ಸುಳ್ಳಾಗಿರಲಿಲ್ಲ, ಅದೇ ತೊಂದರೆ.

ಕಾಲೇಜಿನಲ್ಲಿ ಅವಳಿಗೆ ಕಲಿಸಿದ ಒಬ್ಬ ಬಾಯಿಯವರಿಗೆ, ಅಂದರೆ ಟೀಚರಿಗೆ, ಈ ವಿಷಯ ತಿಳಿದು, ಅವರು ಒಂದು ದಾರಿ ತೋರಿಸಿದರು. ಒಂದು ಸಂಸ್ಥೆಯವರು ಇಲ್ಲಿಯ ಹುಡುಗ ಹುಡುಗಿಯರನ್ನು ಬೇರೆ ದೇಶಕ್ಕೆ ಸ್ವಯಂಸೇವೆಗೆ ಕಳಿಸುತ್ತಾರೆ. ಟಿಕೆಟ್ಟು ಅವರದು, ಊಟ ವಸತಿ ಅವರದು. ಸಂಬಳ ಮಾತ್ರ ಇಲ್ಲ. ಇವಳು ಆಯ್ಕೆಯಾದಳು. ಊರು ತಾಂಜಾನಿಯಾ ದೇಶದ ಒಂದು ಹಳ್ಳಿ, ಒಂದು ಬೆಳೆಯ ಕಾಲ ಅಲ್ಲಿಯ ರೈತ ಹೆಣ್ಣುಮಕ್ಕಳ ಜೊತೆ ಇರಬೇಕು.

ನನ್ನ ಮಗ ಕೇಳಿಸಿಕೊಂಡು, ಕೈಯಲ್ಲಿದ್ದ ಚಹಾದ ಬಸಿ ಕೆಳಗಿಟ್ಟ. “ನಮ್ಮ ಹೊಲದಾಗ ಕಳೆ ತಗ್ಯಾಕ ಆಳು ಸಿಗವಲ್ವು. ಇಕಿ ಆಫ್ರಿಕಾದವರ ಹೊಲಕ್ಕ ಬಿಟ್ಟಿ ದುಡ್ಯಾಕ ಹೊಂಟಾಳ” ಎಂದ. ಸೊಸೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಆ ಬಿಟ್ಟಿ ಎಂಬ ಮಾತು ಮನೆಯೊಳಗೆ ಬಿದ್ದದ್ದೇ ತಡ, ಮೊಮ್ಮಗಳ ಮುಖ ಇಳಿದುಹೋಯಿತು. ನಮ್ಮ ಕಡೆ ಬಿಟ್ಟಿ ದುಡಿಯುವುದೆಂದರೆ ಮರ್ಯಾದೆ ಕಳೆದುಕೊಂಡ ಹಾಗೆ. ನಾನು ಏನಾದರೂ ಹೇಳಲೇಬೇಕಿತ್ತು. ಬಾಯಿಗೆ ಬಂದದ್ದನ್ನು ಹೇಳಿದೆ.

“ಬಿಟ್ಟಿ ಯಾಕ ಅಂತಿ? ಅಕಿ ಮುಯ್ಯಾಳಿಗೆ ಹೊಂಟಾಳ.”

ಪಟ್ಟಣದಲ್ಲಿ ಬೆಳೆದವರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇವತ್ತು ನಮ್ಮ ಮೆಣಸಿನಕಾಯಿ ಬಿಡಿಸಲು ನಿಮ್ಮ ಮನೆಯಾಕೆ ಬಂದರೆ, ನಾಳೆ ನಿಮ್ಮ ಹತ್ತಿ ಬಿಡಿಸಲು ನಮ್ಮ ಮನೆಯಾಕೆ ಬರಬೇಕು. ಹಾಗೆ ಬರುವವಳು ಮುಯ್ಯಾಳು. ಕೂಲಿಯಿಲ್ಲ, ಬರೆದಿಡುವುದಿಲ್ಲ, ಮರೆಯುವುದೂ ಇಲ್ಲ. ತಾನು ಹೋಗಲಾಗದಿದ್ದರೆ ಮಗಳನ್ನೋ ಸೊಸೆಯನ್ನೋ ಕಳಿಸಬೇಕು. ಇನ್ನೊಂದು ಕಟ್ಟಳೆ ಇದೆ: ಮುಯ್ಯಾಳು ಬೀಗರಲ್ಲ. ಬಂದವಳಿಗೆ ಮೊದಲು ಅವಳ ಸಾಲು ತೋರಿಸಬೇಕು, ಚಹಾ ಆಮೇಲೆ. ಈ ಕೊನೆಯ ಮಾತನ್ನು ನೆನಪಿಡಿ, ನಾನೇ ಅದನ್ನು ಮರೆತ ದಿನ ಮುಂದೆ ಬರುತ್ತದೆ.

ಮಗ ನನ್ನ ಮುಖವನ್ನೇ ನೋಡಿದ. “ಹಂಗಾರ ಅವರು ತಿರುಗಿ ನಮ್ಮ ಹೊಲಕ್ಕ ಬರ್ತಾರೇನು?”

“ಬರದ ಏನ್ ಮಾಡ್ತಾರ? ಅವರೂ ಮನಿಷ್ಯಾರ ಅದಾರ.”

ಮಗನಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಬೇಡ ಅನ್ನುವುದು ಯಾರಿಗೂ ಕಷ್ಟ. ಹೀಗೆ ಒಂದು ಒಪ್ಪಿಗೆ ಸಿಕ್ಕಿತು. ನಾನು ಮಾತ್ರ ನಗಲಿಲ್ಲ. ಆಡಿದ ಮಾತನ್ನು ಆಡುತ್ತಾ ಆಡುತ್ತಾ ನಾನೇ ನಂಬಿಬಿಟ್ಟಿದ್ದೆ. ಮರುದಿನ ನೀರು ತರಲು ಹೋದಾಗ ಓಣಿಯ ಹೆಂಗಸರಿಗೂ ಹೇಳಿದೆ, ಹಿರೇಬೆಂಡಿಗೇರಿಯಿಂದ ಕೂಲಿಗೆ ಬರುವ ಹೆಂಗಸರಿಗೂ ಹೇಳಿದೆ.

ಹೊರಡುವ ಮೊದಲು ಅವಳನ್ನು ಸವಣೂರಿಗೆ, ನನ್ನ ತಂಗಿಯ ಮನೆಗೆ ಕರೆದುಕೊಂಡು ಹೋದೆ. ದೊಡ್ಡವರ ಆಶೀರ್ವಾದ ಎಂಬುದು ನೆಪ, ತಂಗಿಯ ಮನೆಯ ಖಾರಾ ತಿನ್ನಬೇಕೆಂಬುದು ನಿಜ. ತಿಂದು, ಅಲ್ಲಿಯ ದೊಡ್ಡ ಹುಣಸೆಮರ ನೋಡಲು ಹೋದೆವು. ನೋಡದವರಿಗೆ ಅದನ್ನು ಹೇಗೆ ಹೇಳಲಿ? ಮರ ಅನ್ನಲು ಮನಸ್ಸು ಬರುವುದಿಲ್ಲ, ನೆಲದೊಳಗಿಂದ ಎದ್ದು ನಿಂತ ಆನೆಯ ಹಾಗೆ ಇದೆ. ಹತ್ತಾರು ಮಂದಿ ಕೈ ಹಿಡಿದು ನಿಂತರೂ ತಬ್ಬಲು ಕಷ್ಟ. ತಂಗಿಯನ್ನು ಆ ಊರಿಗೆ ಕೊಟ್ಟಾಗಿನಿಂದ ನೋಡಿದ್ದೇನೆ, ಚಪ್ಪಲಿ ಬಿಟ್ಟು ಕೈ ಮುಗಿದಿದ್ದೇನೆ. ಹುಣಸೆ ಎಂದು ಹೆಸರಿದ್ದರೂ ಅದು ಹುಣಸೆಯಲ್ಲ ಎಂದು ಮೊಮ್ಮಗಳು ಅವತ್ತು ಹೇಳಿದಳು. ಅದು ಆಫ್ರಿಕಾದ ಮರ. ಯಾರೋ ಯಾವ ಕಾಲದಲ್ಲೋ ಸಮುದ್ರ ದಾಟಿಸಿ ತಂದು ಇಲ್ಲಿ ಊರಿದ್ದಾರೆ. ಯಾರೆಂಬುದು ಯಾರಿಗೂ ಗೊತ್ತಿಲ್ಲ. ನಾನು ಅಷ್ಟು ವರ್ಷ ಕೈ ಮುಗಿದದ್ದು ಪರದೇಶದವರಿಗೆ ಎಂದು ಆಗ ತಿಳಿಯಿತು. ಆಮೇಲೆ ಇನ್ನೊಮ್ಮೆ ಮುಗಿದೆ. ಊರು ಬಿಟ್ಟು ಬಂದು ಇಷ್ಟು ಗಟ್ಟಿಯಾಗಿ ಬೇರು ಬಿಟ್ಟವರಿಗೆ ಮುಗಿಯದೆ ಇನ್ನು ಯಾರಿಗೆ ಮುಗಿಯಲಿ? ನಾನೂ ಹಿರೇಕೆರೂರು ಬಿಟ್ಟು ಬಂದವಳೇ.

ಯುಗಾದಿಯ ಬೆನ್ನಿಗೆ ಅವಳು ಹೋದಳು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಕಟ್ಟಿ ಕೊಟ್ಟೆವು. ದುಂಡಸಿಯಿಂದ ಶಿಗ್ಗಾವಿಗೆ ಹೋಗುವ ಅದೇ ಬಸ್ಸು, ಅದೇ ಕಂಡಕ್ಟರು. ಎಲ್ಲಿಗೆ ಎಂದು ಅವನು ಕೇಳಿದಾಗ ನಾನು ಕಿಟಕಿಯ ಹೊರಗಿನಿಂದ ತಾಂಜಾನಿಯಾ ಎಂದೆ. ಅವನು ಶಿಗ್ಗಾವಿಯ ಟಿಕೆಟ್ಟು ಕೊಟ್ಟ.

ಅವಳಿಗೋಸ್ಕರವೇ ನಾನು ಈ ಫೋನು ಕಲಿತದ್ದು. ಮೊದಲ ಸಲ ವಿಡಿಯೊ ಕಾಲ್ ಬಂದಾಗ ನಮ್ಮಲ್ಲಿ ದನ ಮನೆಗೆ ತಿರುಗುವ ಹೊತ್ತು, ಅವಳ ಹಿಂದೆ ಇನ್ನೂ ಸುಡು ಬಿಸಿಲು. ನಮ್ಮ ಅಂಗಳದಲ್ಲಿ ಇಳಿಯುತ್ತಿದ್ದ ಸೂರ್ಯ ಅವಳಲ್ಲಿ ಇನ್ನೂ ಎತ್ತರದಲ್ಲೇ ಇದ್ದ. ಒಬ್ಬನೇ ಸೂರ್ಯ. ಶಾಲೆಯ ಪುಸ್ತಕದಲ್ಲಿ ಇದೆಲ್ಲ ಬರೆದಿರುತ್ತದೆ, ಗೊತ್ತು. ಪುಸ್ತಕದಲ್ಲಿ ಓದುವುದು ಬೇರೆ, ನಿಮ್ಮ ಮನೆಯ ಹುಡುಗಿಯ ಹಣೆಯ ಮೇಲೆ ಅಲ್ಲಿಯ ಬಿಸಿಲು, ನಿಮ್ಮ ಕಾಲ ಬಳಿ ಇಲ್ಲಿಯ ಸಂಜೆ, ಎರಡನ್ನೂ ಒಟ್ಟಿಗೆ ನೋಡುವುದು ಬೇರೆ.

ಅವಳು ಫೋನು ತಿರುಗಿಸಿದಳು. ಸವಣೂರಿನ ಮರ. ಒಂದಲ್ಲ, ಕಣ್ಣು ಹರಿಯುವ ತನಕ ಅಲ್ಲೊಂದು ಇಲ್ಲೊಂದು ನಿಂತಿವೆ, ನಮ್ಮ ಹೊಲಗಳಲ್ಲಿ ಬೇವಿನ ಮರ ನಿಂತ ಹಾಗೆ. ಒಂದಕ್ಕೆ ಮೇಕೆ ಮೈ ಉಜ್ಜುತ್ತಿತ್ತು. ಇನ್ನೊಂದರ ಕಾಯಿ ಒಡೆದು ಒಳಗಿನ ಬಿಳಿ ಹುಡಿಯನ್ನು ಯಾರೋ ನೀರಿಗೆ ಕಲಸಿ ಕುಡಿಯುತ್ತಿದ್ದರು, ಹುಳಿಯಾಗಿರುತ್ತದಂತೆ. ನಾವು ಕೈ ಮುಗಿಯುವುದನ್ನು ಅಲ್ಲಿ ಮೇಕೆ ತುರಿಸಿಕೊಳ್ಳಲು ಬಳಸುತ್ತದೆ. ನನಗೆ ಬೇಸರವಾಗಲಿಲ್ಲ. ನೆಂಟರ ತವರುಮನೆ ನೋಡಿದಂತಾಯಿತು, ಇಲ್ಲಿ ದೊಡ್ಡಸ್ತಿಕೆಯಿಂದ ಓಡಾಡುವಾಕೆ ಅಲ್ಲಿ ಎಲ್ಲರಿಗೂ ಸಲಿಗೆಯ ಹುಡುಗಿ.

ಮೊಮ್ಮಗಳು ಇದ್ದ ಮನೆಯ ಒಡತಿ ನನಗಿಂತ ಸ್ವಲ್ಪ ಚಿಕ್ಕವಳು. ತುಂಬಿದ ಮೈ, ತಲೆಗೆ ಹೂವಿನ ಬಟ್ಟೆ, ನಕ್ಕರೆ ಆಚೆ ಬದುವಿನವರೂ ತಿರುಗಿ ನೋಡಬೇಕು. ಆಕೆಯೂ ಚಹಾಕ್ಕೆ ಚಾಯ್ ಅನ್ನುತ್ತಾಳೆ, ಚಪಾತಿಗೆ ಚಪಾತಿ, ದುನಿಯಾಕ್ಕೆ ದುನಿಯಾ. ಮೊಮ್ಮಗಳು ಹೋದ ಹೊಸದರಲ್ಲಿ ಅವರು ಇವಳನ್ನು ಕುರ್ಚಿಯ ಮೇಲೆ ಕೂರಿಸಿ ಉಪಚಾರ ಮಾಡಿದರೇ ಹೊರತು ಕೆಲಸ ಮುಟ್ಟಗೊಡಲಿಲ್ಲವಂತೆ. ಎಲ್ಲರೂ ಹೊಲದಲ್ಲಿ, ಇವಳೊಬ್ಬಳು ಕುರ್ಚಿಯಲ್ಲಿ. ಅಷ್ಟು ಒಂಟಿತನ ತನಗೆ ಯಾವತ್ತೂ ಆಗಿರಲಿಲ್ಲ ಎಂದಳು. ಕೊನೆಗೆ ಆ ಒಡತಿಯೇ ಇವಳ ಮುಖ ನೋಡಿ, ಕೈಗೆ ಒಂದು ಗುದ್ದಲಿ ಕೊಟ್ಟು ಸಾಲು ತೋರಿಸಿದಳಂತೆ. ಅವತ್ತಿನಿಂದ ಇವಳು ಆ ಮನೆಯವಳು.

ಅವರ ಹೊಲದಲ್ಲಿ ಗೋವಿನಜೋಳ, ನಡುನಡುವೆ ತೊಗರಿ. ನಾವೂ ಹಾಗೇ ಅಕ್ಕಡಿ ಸಾಲು ಹಾಕುತ್ತೇವೆ. ಆದರೆ ಅವರು ಉಣ್ಣುವುದು ಗೋವಿನಜೋಳ, ಮಾರುವುದು ತೊಗರಿ. ತೊಗರಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಮೊಮ್ಮಗಳು ನಕ್ಕು, ಬಹಳಷ್ಟು ನಮ್ಮ ದೇಶಕ್ಕೇ ಬರುತ್ತದೆ ಎಂದಳು.

ಮಾರನೆಯ ದಿನ ಶಿಗ್ಗಾವಿಯ ಕಿರಾಣಿ ಅಂಗಡಿಯವನನ್ನು ಅವನ ತೊಗರಿಬೇಳೆಯ ಬಗ್ಗೆ ಕೇಳಿದೆ. ಹೌದು, ಹೊರಗಿನದೂ ಸೇರಿರುತ್ತದೆ ಎಂದು ಅವನು ಏನೂ ದೊಡ್ಡ ವಿಷಯವಲ್ಲವೆಂಬಂತೆ ಹೇಳಿದ. ನಾನು ಒಂದು ಹಿಡಿ ಬೇಳೆ ಅಂಗೈಯಲ್ಲಿ ಹಾಕಿಕೊಂಡು ನಿಂತೆ. ನಾವು ಬೆಳೆದು ಕೋಳಿಯ ಮೇವಿಗೆ ಮಾರುವ ಗೋವಿನಜೋಳವನ್ನು ಅವರು ಉಣ್ಣುತ್ತಾರೆ. ನಾವು ನಮ್ಮ ತೊಗರಿ ಮಾರಿ ಅಂಗಡಿಯ ಬೇಳೆ ತರುತ್ತೇವೆ, ಅವರು ಬೆಳೆದು ಮಾರುವ ಬೇಳೆ ನಮ್ಮ ಸಾರಿನಲ್ಲಿ ಬೇಯುತ್ತದೆ. ಇಷ್ಟು ವರ್ಷ ನಾನು ಒಲೆಯ ಮುಂದೆ ಕುಳಿತು ಯಾರದೋ ಹೊಲದ ಬೇಳೆ ಕುದಿಸುತ್ತಿದ್ದೆ, ಆ ಒಡತಿ ಅಲ್ಲಿ ಅದನ್ನು ಕೊಯ್ಯುತ್ತಿದ್ದಳು, ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಹಿಂದಿದ್ದ ಗಿರಾಕಿಗಳು ಸಾಲು ಮುಂದೆ ಸಾಗಲಿ ಎಂದು ಕೂಗಿದಾಗ ಎಚ್ಚರವಾಯಿತು.

ಒಂದು ಸಲ ಆ ಒಡತಿ ಫೋನಿನಲ್ಲಿ ನನ್ನನ್ನೇ ಕೇಳಿದಳು. ಕೆಲವು ವರ್ಷಗಳ ಹಿಂದೆ ನಿಮ್ಮವರು ತೊಗರಿ ಕೊಳ್ಳುವುದನ್ನು ಒಮ್ಮೆಲೇ ಕಡಿಮೆ ಮಾಡಿಬಿಟ್ಟರು, ನಮ್ಮ ತೊಗರಿ ಹೊಲದಲ್ಲೇ ಒಣಗಿತು, ಯಾಕೆ ಹಾಗೆ ಮಾಡಿದಿರಿ? ಮೊಮ್ಮಗಳು ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ನನ್ನ ಮಗ ಹಿಂದಿನಿಂದ ಬಂದು ನಿಂತಿದ್ದ. ಹೊರಗಿನ ಬೇಳೆ ಬರದಿದ್ದರೆ ನಮ್ಮ ತೊಗರಿಗೆ ಒಳ್ಳೆಯ ಬೆಲೆ ಬರುತ್ತದೆಂದು ಅವನು ಖುಷಿಪಟ್ಟವನು. ಅವನು ಫೋನಿನಲ್ಲಿದ್ದ ಆ ಮುಖವನ್ನು ನೋಡಿದ, ಬಂದ ಹಾಗೇ ಹಿತ್ತಲಿಗೆ ಹೋದ. ನಾನು ಮಾತು ತಿರುಗಿಸಿದೆ.

“ಅದಿರಲಿ, ನಮ್ಮ ಹುಡುಗಿ ನಿಮ್ಮ ಹೊಲದಾಗ ದುಡ್ಯಾಕತ್ತಾಳ. ನೀವು ನಮ್ಮ ಮೆಣಸಿನಕಾಯಿ ಬಿಡಸಾಕ ಯಾವಾಗ ಬರ್ತೀರಿ ಅಂತ ಕೇಳು.”

ಮೊಮ್ಮಗಳು ಹೇಳುವುದಿಲ್ಲ ಎಂದಳು. ನಾನು ಬಿಡಲಿಲ್ಲ. ಕೊನೆಗೆ ಕಿವಿ ಕೆಂಪಗೆ ಮಾಡಿಕೊಂಡು ಹೇಳಿದಳು. ಒಡತಿ ಗಂಭೀರವಾಗಿ ತಿರುಗಿ ಕೇಳಿದಳು: ಯಾವ ತಿಂಗಳು, ಗಿಡ ಎಷ್ಟೆತ್ತರ, ನಡುಮಧ್ಯಾಹ್ನ ಊಟಕ್ಕೆ ಏನು ಕೊಡುತ್ತೀರಿ? ಅವರಲ್ಲೂ ಅದೇ ಪದ್ಧತಿ ಇದೆಯಂತೆ. ಅದಕ್ಕೊಂದು ಹೆಸರೂ ಇದೆ, ನನ್ನ ನಾಲಿಗೆಗೆ ಹತ್ತಲಿಲ್ಲ.

ಫೋನು ಇಟ್ಟ ಮೇಲೆ ಮೊಮ್ಮಗಳಿಂದ ಸಂದೇಶ ಬಂತು. ಸ್ವಯಂಸೇವೆ ಎಂದರೆ ಮುಯ್ಯಿ ಅಲ್ಲ, ಅವರು ಬರುವುದು ಆಗದ ಮಾತು, ನೀನು ಓಣಿಯಲ್ಲಿ ಹೇಳಬೇಡ. ನಾನು ಒಂದೇ ಬೆರಳಿನಲ್ಲಿ ಉತ್ತರ ಒತ್ತಿದೆ: ಹೇಳಿಯಾಯಿತು.

ಅಂದಿನಿಂದ ಓಣಿಯಲ್ಲಿ ನನಗೆ ಬಿಡುಗಡೆಯಿಲ್ಲ. ಎಲ್ಲಿ ನಿನ್ನ ಮುಯ್ಯಾಳು, ವಿಮಾನ ದುಂಡಸಿಯ ಸ್ಟ್ಯಾಂಡಿನಲ್ಲೇ ಇಳಿಯುತ್ತದೋ, ಗೋಮಾಳದಲ್ಲೋ ಎಂದು ಬಾವಿಕಟ್ಟೆಯ ಹೆಂಗಸರು ಕೇಳುತ್ತಿದ್ದರು. ಗೋಮಾಳದಲ್ಲಿ, ನಿಮ್ಮ ಎಮ್ಮೆ ಸರಿಸಿರಿ ಎಂದು ನಾನು ಹೇಳುತ್ತಿದ್ದೆ.

ದಸರೆಯ ಹೊತ್ತಿಗೆ ಮೊಮ್ಮಗಳು ತಿರುಗಿ ಬಂದಳು. ಕಪ್ಪಾಗಿದ್ದಳು, ಅಂಗೈ ಗಡಸಾಗಿತ್ತು, ಗುರುತಿಲ್ಲದವರನ್ನು ಕಂಡರೆ ತಾನೇ ಮೊದಲು ಮಾತಾಡಿಸುತ್ತಿದ್ದಳು. ಹಾನಗಲ್ಲಿನ ಕಂಪನಿಯಲ್ಲಿ ಆ ಜಾಗ ಇನ್ನೂ ಖಾಲಿ ಇತ್ತು. ಮತ್ತೆ ಸಂದರ್ಶನ. ಈ ಸಲ ಆಡೂರಿನ ಮಗಳನ್ನು ನೋಡುವ ನೆಪ ಹೇಳಿ ನಾನೂ ಬಸ್ಸು ಹತ್ತಿದೆ. ಕಚೇರಿಯ ಕಿಟಕಿಯ ಹೊರಗೆ ಒಂದು ಕಲ್ಲುಬೆಂಚು ಇತ್ತು. ಕಿವಿ ಮಂದ ಎಂದು ನಾನು ಎಲ್ಲರಿಗೂ ಹೇಳಿಕೊಂಡಿದ್ದೇನೆ, ಅಷ್ಟೇನೂ ಮಂದವಿಲ್ಲ.

ಅದೇ ಮೇಡಮ್ಮು. ಹೊರಗೆ ಏನು ನೋಡಿದಿರಿ ಎಂದು ಈಗಲೂ ಕೇಳಿದರು. ಮೊಮ್ಮಗಳು ಇಂಗ್ಲಿಷಿನಲ್ಲಿ ಎರಡು ಮಾತು ಸರಸರ ಹೇಳಿ ನಿಂತಳು. ಬಾಯಿಪಾಠ ಮುಗಿದಿತ್ತು. ಆಮೇಲೆ ಅವಳು ಕನ್ನಡಕ್ಕೆ ಇಳಿದಳು. ಕುರ್ಚಿಯ ಮೇಲೆ ಒಂಟಿಯಾಗಿ ಕುಳಿತ ದಿನಗಳನ್ನು ಹೇಳಿದಳು, ಗುದ್ದಲಿಯನ್ನು ಹೇಳಿದಳು, ತೊಗರಿ ಯಾಕೆ ಕೊಳ್ಳಲಿಲ್ಲ ಎಂಬ ಪ್ರಶ್ನೆ ಕೇಳಿ ತನ್ನ ಅಪ್ಪ ಹಿತ್ತಲಿಗೆ ಹೋದದ್ದನ್ನು ಹೇಳಿದಳು. ನಾವು ಇಲ್ಲಿ ಒಂದು ಬೆಲೆಗೆ ನಕ್ಕರೆ ಅಲ್ಲಿ ಒಂದು ಮನೆ ಸುಮ್ಮನಾಗುತ್ತದೆ, ಮಾಲು ಕಳಿಸುವವರು ಅದನ್ನು ತಿಳಿದಿರಬೇಕು ಎಂದಳು. ಕೊನೆಗೆ ನಗುತ್ತಾ, ನಮ್ಮ ಆಯಿ ಅವರನ್ನು ಮುಯ್ಯಾಳಿಗೆ ಕರೆದಿದ್ದಾಳೆ ಎಂದೂ ಹೇಳಿಬಿಟ್ಟಳು. ನನಗೆ ಬೆಂಚಿನಡಿಗೆ ಹೋಗಿ ಕೂರುವ ಹಾಗಾಯಿತು.

ಮೇಡಮ್ಮು ನಗಲಿಲ್ಲ. ಅವರು ಬರುತ್ತಾರೆಯೇ ಎಂದು ಕೇಳಿದರು. ತನ್ನನ್ನು ಕಳಿಸಿದ ಸಂಸ್ಥೆಯವರು ಅಲ್ಲಿಯ ರೈತರನ್ನು ಇಲ್ಲಿಗೂ ಕರೆತರಬಲ್ಲರು, ಇಲ್ಲಿ ಕರೆಯುವವರಿಲ್ಲ ಎಂದಳು ಮೊಮ್ಮಗಳು. ಮೆಣಸಿನಕಾಯಿ ಒಣಗಿಸುವ ನಮ್ಮ ಕೆಲಸ ನೋಡಲು ಅವರು ಬರಲಿ, ಅವರ ಜೊತೆ ನಮ್ಮ ಸಂಘದ ಹೆಣ್ಣುಮಕ್ಕಳು ಹೇಗೆ ಬೆರೆಯುತ್ತಾರೆ ನೋಡೋಣ. ಅದನ್ನು ನೀವು ನಡೆಸಿ ತೋರಿಸಿ, ಕಾಯಂ ಮಾಡುವ ಮಾತು ಆಮೇಲೆ ಎಂದರು ಮೇಡಮ್ಮು. ಹೀಗೆ ಒಂದು ಹಂಗಾಮಿಗೆ ಕೆಲಸ ಸಿಕ್ಕಿತು, ಅರ್ಧ ಸಿಕ್ಕ ಹಾಗೆ.

ಗಿಡಗಳೆಲ್ಲ ಕೆಂಪಾದ ಹೊತ್ತಿಗೆ ಅವರು ಬಂದರು. ಒಡತಿ, ಜೊತೆಗೆ ಅವರೂರಿನ ಇನ್ನಿಬ್ಬರು. ಹಾನಗಲ್ಲಿನಲ್ಲಿ ಇಳಿಸಿದ್ದರು. ದುಂಡಸಿಗೆ ಬರುವ ಮೊದಲು ಸವಣೂರಿಗೆ ಹೋಗಬೇಕೆಂದು ನಾನೇ ಹಟ ಹಿಡಿದೆ. ದಾರಿಯುದ್ದಕ್ಕೂ ಒಡತಿ ನಗುತ್ತಾ ಬಂದಳು. ಮರದ ಮುಂದೆ ನಿಂತಾಗ ನಗು ನಿಂತಿತು. ನಾವು ಚಪ್ಪಲಿ ಬಿಟ್ಟದ್ದನ್ನು ನೋಡಿ ತಾನೂ ಬಿಟ್ಟಳು. ಹತ್ತಿರ ಹೋಗಿ ತೊಗಟೆಯ ಮೇಲೆ ಅಂಗೈ ಇಟ್ಟಳು, ಆಮೇಲೆ ಕೆನ್ನೆ ಇಟ್ಟಳು, ತನ್ನ ಮಾತಿನಲ್ಲಿ ಮೆಲ್ಲಗೆ ಏನೋ ಹೇಳಿದಳು. ಏನೆಂದಳು ಎಂದು ಮೊಮ್ಮಗಳನ್ನು ತಿವಿದೆ.

“ಅದು ನಮಗಲ್ಲ ಆಯಿ, ಮರಕ್ಕ ಹೇಳಿದ್ದು” ಎಂದಳು ಮೊಮ್ಮಗಳು.

ಆ ಮರ ತನ್ನೂರಿನ ಮಾತು ಕೇಳಿ ಎಷ್ಟು ಕಾಲವಾಗಿತ್ತೋ. ನನ್ನ ತಂಗಿ ಸೆರಗು ಹೊದ್ದು ಕೈ ಮುಗಿದಳು.

ಮರುದಿನ ಬೆಳಿಗ್ಗೆ ನಮ್ಮ ಹೊಲ. ಓಣಿಯ ಹೆಂಗಸರೆಲ್ಲ ಬಂದಿದ್ದರು, ಹಿರೇಬೆಂಡಿಗೇರಿಯವರೂ ಬಂದಿದ್ದರು, ಗೋಮಾಳದ ಮಾತಾಡಿದವರಂತೂ ಎಲ್ಲರಿಗಿಂತ ಮೊದಲು. ಮೇಡಮ್ಮು ಜೀಪಿನಲ್ಲಿ ಬಂದು ಬದುವಿನ ಮೇಲೆ ನಿಂತಿದ್ದರು. ಮೊಮ್ಮಗಳ ಕೆಲಸ ಉಳಿಯುವುದೋ ಹೋಗುವುದೋ ಅವತ್ತೇ ಎಂದು ಎಲ್ಲರಿಗೂ ಗೊತ್ತಿತ್ತು. ಅದೇ ಕಾರಣಕ್ಕೆ ಯಾವುದೂ ಕಡಿಮೆಯಾಗಬಾರದೆಂದು ನಾನು ಮನೆಯಿಂದ ಹೊರಸು, ಅಂದರೆ ಹಗ್ಗದ ಮಂಚ, ಹೊರಿಸಿಕೊಂಡು ಬಂದಿದ್ದೆ, ಅದರ ಮೇಲೆ ಹೊಸ ಕೌದಿ ಹಾಸಿದ್ದೆ. ಬೇವಿನ ಮರದ ನೆರಳು. ಮೂವರನ್ನೂ ಅಲ್ಲಿ ಕೂರಿಸಿದೆ. ಚಹಾ ಬಂತು, ಚೂಡಾ ಬಂತು, ಶೇಂಗಾ ಉಂಡೆ ಬಂತು, ಮತ್ತೆ ಚಹಾ ಬಂತು. ನಮ್ಮ ಹೆಂಗಸರು ದೂರದಿಂದ ನೋಡಿ ನಗುತ್ತಾ ಕಾಯಿ ಬಿಡಿಸುತ್ತಿದ್ದರು, ಒಬ್ಬರೂ ಹತ್ತಿರ ಬರಲಿಲ್ಲ. ಒಡತಿ ಒಮ್ಮೆ ಎದ್ದು ಗಿಡದ ಕಡೆ ಹೊರಟಳು. ಅಯ್ಯೋ ಬೇಡ, ಕೈ ಉರಿಯುತ್ತದೆ ಎಂದು ನಾನೇ ಕೈ ಹಿಡಿದು ಕೂರಿಸಿದೆ.

ಹೊತ್ತು ಏರಿತು. ಒಡತಿಯ ಮುಖದಲ್ಲಿದ್ದ ಬೆಳಕು ಸ್ವಲ್ಪ ಸ್ವಲ್ಪವೇ ಆರಿತು. ಕೈಯಲ್ಲಿದ್ದ ಉಂಡೆಯನ್ನು ತಿನ್ನದೆ ತಿರುಗಿಸುತ್ತಿದ್ದಳು. ಬದುವಿನ ಮೇಲೆ ಮೇಡಮ್ಮು ಗಡಿಯಾರ ನೋಡಿಕೊಂಡರು. ನನಗೆ ಏನು ತಪ್ಪಿದೆ ಎಂಬುದೇ ತಿಳಿಯಲಿಲ್ಲ, ಇನ್ನೊಂದು ಸುತ್ತು ಚಹಾಕ್ಕೆ ಹೇಳಿದೆ.

ಹಾನಗಲ್ಲಿನಿಂದ ಬಂದ ಚೀಲಗಳನ್ನು ಇಳಿಸಿಕೊಂಡು ಮೊಮ್ಮಗಳು ಆಗ ಬಂದಳು. ಹೊರಸನ್ನು ನೋಡಿದಳು, ಒಡತಿಯ ಕೈಯ ಉಂಡೆಯನ್ನು ನೋಡಿದಳು, ನಿಂತುಬಿಟ್ಟಳು. ಕುರ್ಚಿಯ ಮೇಲೆ ಒಂಟಿಯಾಗಿ ಕುಳಿತದ್ದು ನೆನಪಾಗಿರಬೇಕು. ನನ್ನ ಹತ್ತಿರ ಬಂದು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

“ಆಯಿ, ಮುಯ್ಯಾಳು ಬರ್ತಾಳ ಅಂತ ಓಣಿ ತುಂಬ ಸಾರಿದಾಕಿ ನೀನು. ಮುಯ್ಯಾಳನ್ನ ಹೊರಸಿನ ಮ್ಯಾಲೆ ಕುಂದ್ರಸ್ತಾರೇನು?”

ಮೊಮ್ಮಗಳು ತನ್ನ ಸೊಂಟದಲ್ಲಿದ್ದ ಉಡಿಯನ್ನು, ಬಿಡಿಸಿದ ಕಾಯಿ ಹಾಕಿಕೊಳ್ಳುವ ಬಟ್ಟೆಯ ಜೋಳಿಗೆಯನ್ನು, ಬಿಚ್ಚಿ ಒಡತಿಯ ಸೊಂಟಕ್ಕೆ ಕಟ್ಟಿದಳು. ಕೈ ಹಿಡಿದು ಒಯ್ದು ಒಂದು ಸಾಲು ತೋರಿಸಿದಳು. ಒಡತಿ ಒಮ್ಮೆ ಅವಳ ಕೆನ್ನೆ ತಟ್ಟಿ ಬಗ್ಗಿದಳು. ಉಳಿದಿಬ್ಬರೂ ಎದ್ದು ಬಂದರು. ನಮ್ಮ ಸೊಸೆ ತನ್ನ ಸಾಲು ಬಿಟ್ಟು ಪಕ್ಕದ ಸಾಲಿಗೆ ಹೋಗಿ, ತೊಟ್ಟು ಹರಿಯದ ಹಾಗೆ ಹೇಗೆ ಬಿಡಿಸಬೇಕೆಂದು ಕೈಯಲ್ಲೇ ತೋರಿಸಿದಳು. ತೊಟ್ಟು ಹರಿದರೆ ಕಾಯಿ ಕೆಡುತ್ತದೆ. ಅಷ್ಟು ಸಾಕಾಯಿತು. ಸ್ವಲ್ಪ ಹೊತ್ತಿಗೆ ಯಾರು ಯಾವ ಭಾಷೆಯಲ್ಲಿ ಏನು ಹೇಳುತ್ತಿದ್ದಾರೆಂದು ತಿಳಿಯದಷ್ಟು ಗದ್ದಲ. ಒಬ್ಬಳು ಹಾಡು ಎತ್ತಿದಳು. ಅಲ್ಲಿಯವಳು ಅದಕ್ಕೆ ತನ್ನೂರಿನ ಸೊಲ್ಲು ಸೇರಿಸಿದಳು, ತಾಳ ಹೊಂದಿತು. ಕೆಂಪು ಗಿಡಗಳ ನಡುವೆ ಸಮುದ್ರದ ಆಚೆ ದಡದವರು ಈಚೆ ದಡದವರು ಒಂದೇ ಸಾಲಿನಲ್ಲಿ ಬಗ್ಗಿ ಏಳುತ್ತಿದ್ದರು. ನಾನು ನೋಡುತ್ತಾ ನಿಂತೆ. ನಾಲ್ಕು ಮೂಲೆಗಳ ನನ್ನ ಲೋಕದ ಗೋಡೆಗಳು ಯಾವಾಗ ಬಿದ್ದವೋ, ಸದ್ದೇ ಆಗಿರಲಿಲ್ಲ.

ಮೇಡಮ್ಮು ಬದು ಇಳಿದು ಬಂದರು. ಮೊಮ್ಮಗಳಿಗೆ, ಸೋಮವಾರದಿಂದ ನಿಮ್ಮ ಕೆಲಸ ಕಾಯಂ, ಉಳಿದ ಊರುಗಳ ಸಂಘಗಳೂ ನಿಮಗೇ ಎಂದರು. ಅಷ್ಟು ಹೇಳಿ ತಾವೂ ಒಂದು ಉಡಿ ಕೇಳಿ ಪಡೆದರು. ನನ್ನ ಮಗ ಬೇವಿನ ಮರದ ಕಡೆ ಮುಖ ತಿರುಗಿಸಿ ಮೂಗು ಒರೆಸಿಕೊಂಡ. ಮೆಣಸಿನ ಘಾಟು ಎಂದ.

ನನಗೆ ಎಷ್ಟು ಸಂತೋಷವಾಯಿತೆಂದರೆ ಸುಮ್ಮನಿರಲಾಗಲಿಲ್ಲ. ಹೊರಸು ಹೇಗೂ ಖಾಲಿಯಾಗಿತ್ತು, ಅದರ ಮೇಲೆ ನಾನೇ ಕುಳಿತು, ಒಡತಿಯ ಉಡಿ ನೋಡಿ ಚುಚ್ಚಿದೆ. ಇಷ್ಟು ದೂರದಿಂದ ಬಂದದ್ದು ಇಷ್ಟೇ ಕಾಯಿ ಬಿಡಿಸಲಿಕ್ಕೋ, ನಮ್ಮ ಕೋಳಿ ಇದಕ್ಕಿಂತ ಜಾಸ್ತಿ ಕುಕ್ಕುತ್ತದೆ ಎಂದು ಹೇಳು ಎಂದೆ. ಮೊಮ್ಮಗಳು ಈ ಸಲ ಹಿಂದೆಮುಂದೆ ನೋಡದೆ ಹೇಳಿದಳು. ಒಡತಿ ಬೆನ್ನು ನೆಟ್ಟಗೆ ಮಾಡಿ, ನನ್ನನ್ನೂ ಹೊರಸನ್ನೂ ಒಮ್ಮೆ ನೋಡಿ, ತನ್ನ ಮಾತಿನಲ್ಲಿ ಉದ್ದಕ್ಕೆ ಏನೋ ಹೇಳಿದಳು. ಮೊಮ್ಮಗಳು ನಗು ನುಂಗಿಕೊಂಡು ಅದನ್ನು ಕನ್ನಡಕ್ಕೆ ಇಳಿಸಿದಳು.

“ಅಕಿ ಅಂತಾಳ, ‘ನೀ ಮೊಮ್ಮಗಳನ್ನ ಕಳಿಸಿ ಹೊರಸಿನ ಮ್ಯಾಲೆ ಕುಂತಿ. ನಾ ಯಾರನ್ನೂ ಕಳಸಲಿಲ್ಲ, ನಾನ ಬಂದೇನಿ. ಹಂಗಾಗಿ ಮುಯ್ಯಿ ಇನ್ನೂ ತೀರಿಲ್ಲ. ತೊಗರಿ ಕೊಯ್ಲಿಗೆ ನೀನ ಬಾ, ಕುಡಗೋಲು ನಾ ಕೊಡ್ತೇನಿ. ಹೊರಸು ಮಾತ್ರ ತರಬ್ಯಾಡ.’”